ಸಕ್ಕರೆ ಸಾಲದು

ಲಹಾನ್ ಪೇಟೆ ದಾಟಿದ ಮೇಲೆ, ಹೆದ್ದಾರಿಯ ಬದಿಗೆ,
ನಾಲ್ಕು ಬಿದಿರ ಗಳ, ಮೇಲೊಂದು ನೀಲಿ ಟಾರ್ಪಾಲು.
ಸಂಘದ ಸಾಲ ಒಂಬತ್ತು ಸಾವಿರ. ಹೆಬ್ಬೆಟ್ಟು ಬೇಡವೆಂದು
ಮೂರು ರಾತ್ರಿ ತಿದ್ದಿ ತಿದ್ದಿ
ಸಹಿ ಹಾಕಿದಳು ಫೂಲಝರಿ ಮರಿಕ್.
ಎಂಟನೆ ಕ್ಲಾಸು ಓದಿದವಳು ನಾನು, ಲೆಕ್ಕ ನನ್ನದು.

ಮೊರ ಹೆಣೆದ ಕೈ ಅವಳದು. ಛಠ್ ಬಂತೆಂದರೆ
ಊರಿಗೆ ಊರೇ ನಮ್ಮ ಕೇರಿಗೆ ಬರುತ್ತದೆ,
ಡೋಮರ ಮೊರವೇ ಬೇಕು ಸೂರ್ಯನಿಗೆ.
ಬಾಳೆಗೊನೆ, ಠೇಕುವಾ, ಕಬ್ಬು ತುಂಬಿ
ಕೆರೆಯಲ್ಲಿ ಸೊಂಟಮಟ್ಟ ನಿಂತು
ಅದನ್ನೇ ಎತ್ತಿ ಹಿಡಿಯುತ್ತಾರೆ.
ಸೂರ್ಯ ಇದುವರೆಗೂ
ಹೆಣೆದವಳ ಜಾತಿ ಕೇಳಿದ್ದಿಲ್ಲ.

ಚಹಾ ಬೇರೆ.
ಚಹಾ ನಾಲಿಗೆಗೆ ತಾಗುತ್ತದೆ.

ಮೊದಲ ದಿನ ಎರಡು ಲೀಟರ್ ಹಾಲು ಒಡೆಯಿತು.
ಮಾರನೆ ದಿನ ಮೇಷ್ಟರು ಬಂದು ಬೆಂಕಿಪೊಟ್ಟಣ ಕೊಂಡರು,
ದುಡ್ಡು ಹಲಗೆಯ ಮೇಲಿಟ್ಟರು, ಕೈಗಲ್ಲ.
ಮೂರನೆ ದಿನ ಮಾರಿದ್ದು ಎರಡು ಲೋಟ:
ಒಂದು ನಾನು ಕುಡಿದೆ, ಇನ್ನೊಂದು ಅವಳೇ.
ಡಬ್ಬಿಗೆ ದುಡ್ಡು ಹಾಕಿ ನಕ್ಕೆವು, ಹೊಟ್ಟೆ ಹುಣ್ಣಾಗುವಷ್ಟು.

ಐದನೆ ದಿನ ಇಟಹರಿಯ ಕಡೆಯಿಂದ ಲಾರಿಯೊಂದು ನಿಂತಿತು.
ಚಾಲಕ ಹೆಸರು ಕೇಳಲಿಲ್ಲ, ಚಹಾ ಕೇಳಿದ.
ನಿಂತೇ ಕುಡಿದ, ಬಾಯೊರೆಸಿಕೊಂಡ,
"ಸಕ್ಕರೆ ಸಾಲದು, ದೀದಿ" ಅಂದು
ಇಪ್ಪತ್ತು ರೂಪಾಯಿ ಅಂಗೈಗೇ ಇಟ್ಟು ಹೋದ.

ಸಂಜೆ ಪುಸ್ತಕ ತೆರೆದೆ. ಇಪ್ಪತ್ತು, ಜಮಾ.
ಒಲೆ ಊದುತ್ತಲೇ ಕೂಗಿದಳು ಫೂಲಝರಿ:
"ಸಕ್ಕರೆ ಸಾಲದು ಅಂದನಲ್ಲ, ಅದನ್ನೂ ಬರಿ!"

ಜಮಾದಲ್ಲೋ ಖರ್ಚಿನಲ್ಲೋ ತಿಳಿಯದೆ
ಪೆನ್ನು ಹಿಡಿದು ಕೂತಿದ್ದೇನೆ.