ಏಳನೇ ರೀಲು

ಊರಿಗೆಲ್ಲ ಬಾಯಿಪಾಠವಾಗಿದ್ದ ಆ ಹಾಡನ್ನು
ನಾನು ನೋಡಿರಲಿಲ್ಲ.
ಹೊತ್ತಿದ್ದೆ, ಅಷ್ಟೆ. ದಿನಕ್ಕೆ ಮೂರು ಸಲ,
ತಗಡಿನ ಡಬ್ಬಿಯಲ್ಲಿ, ಸೈಕಲ್ಲಿನ ಕ್ಯಾರಿಯರಿಗೆ
ಹಳೇ ಟ್ಯೂಬಿನ ರಬ್ಬರಿನಿಂದ ಬಿಗಿದು.

ಪ್ರಿಂಟು ಒಂದೇ, ಟಾಕೀಸು ಎರಡು.
ಹೊಳೆಯ ಈಚೆ ಭ್ರಮರಾಂಬ, ಆಚೆ ನ್ಯೂ ಕಮಲಾ.
ಇಲ್ಲಿ ಆರಕ್ಕೆ ಬಿಟ್ಟರೆ ಅಲ್ಲಿ ಆರೂ ಮುಕ್ಕಾಲಿಗೆ.
ನಡುವೆ ತುಂಗೆ, ಸೇತುವೆ, ನಾನು.

ಗೋಡೆಯ ಫ್ಯಾನಿನ ತೂತಿನಿಂದ ಬೀಡಿ ಹೊಗೆಯ ಜತೆ
ಪಲ್ಲವಿ ಹೊರಗೆ ಬರುವ ಹೊತ್ತಿಗೆ
ಆರನೇ ರೀಲು ಕಟ್ಟಿಕೊಂಡು ನಾನು ಪೆಡಲ್ ತುಳಿದಿರುತ್ತಿದ್ದೆ.
ಏಳನ್ನು ಆಚೆ ಮುಟ್ಟಿಸಿ ಎಂಟಕ್ಕೆಂದು ತಿರುಗಿದರೆ
ಬೆನ್ನ ಹಿಂದೆ ಮತ್ತದೇ ಪಲ್ಲವಿ.
ಚರಣಗಳನ್ನು ಕಲಿತದ್ದು ಹೋಟೆಲಿನ ರೇಡಿಯೋದಿಂದ.

“ಬಾರದವನ ಅಂಗಿಗೆ ಗುಂಡಿ ಹಾಕ್ತಾ ಹಾಡ್ತಾಳೆ ಕಣೋ ಹುಚ್ರಾಯ,”
ಹೆಂಗಸರ ಟಿಕೆಟಿನ ಕಿಂಡಿಯಿಂದ ಫಿಲೋಮಿನಾ ಹೇಳುತ್ತಿದ್ದಳು.
ಅವಳೂ ನೋಡಿದವಳಲ್ಲ.
ಆ ಹೊತ್ತಿಗೆ ಅವಳದು ಚಿಲ್ಲರೆ ಎಣಿಸುವ ಕೆಲಸ.
ಆಟ ಬಿಟ್ಟು ಬರುವ ಹೆಂಗಸರು
ಸೆರಗಿನ ಯಾವ ತುದಿಯಲ್ಲಿ ಏನು ಒರೆಸಿಕೊಂಡರು,
ಅದನ್ನು ನೋಡಿ ಕತೆ ಕಟ್ಟಿದ್ದಳು.

ಐದನೇ ವಾರದ ಶನಿವಾರ, ಸೆಕೆಂಡ್ ಶೋ.
ಸೇತುವೆಯ ನಟ್ಟನಡುವೆ ಚೈನು ಕಳಚಿ
ಮುಗ್ಗರಿಸಿದೆ. ಡಬ್ಬಿಯ ಮುಚ್ಚಳ ಒಂದು ಕಡೆ,
ರೀಲು ಇನ್ನೊಂದು ಕಡೆ, ಉರುಳುತ್ತ, ಬಿಚ್ಚಿಕೊಳ್ಳುತ್ತ,
ಕೇರೆ ಹಾವಿನ ಹಾಗೆ ಕಟ್ಟೆಯ ತನಕ.

ಮೊಣಕಾಲಿನ ರಕ್ತ ಆಮೇಲೆ ನೋಡಿಕೊಂಡರಾಯಿತು.
ಬೀದಿದೀಪದ ಕೆಳಗೆ ಕೂತು, ಅಂಗಿಯಲ್ಲಿ ಧೂಳೊರೆಸಿ,
ಮೊಳ ಮೊಳ ಸುತ್ತತೊಡಗಿದೆ.
ಸುತ್ತುತ್ತ ಬೆಳಕಿಗೆ ಹಿಡಿದೆ.

ಹೆಬ್ಬೆರಳಿನ ಉಗುರಿನಷ್ಟು ಅವಳು.
ಮತ್ತೆ ಅವಳೇ, ಮತ್ತೆ ಅವಳೇ.
ಅದೇ ಕಿಟಕಿ, ಅದೇ ಅಂಗಿ, ಕೂದಲೆಳೆಯಷ್ಟು ಮೇಲೆದ್ದ ಸೂಜಿ.
ತುಟಿಗಳ ನಡುವೆ ದಾರ ಕಚ್ಚಿಕೊಂಡಿದ್ದಳು.
ಬಾಯಿ ತೆರೆದದ್ದೇ ಇಲ್ಲ!
ನೂರು ಚೌಕ ದಾಟಿದರೂ ಇಲ್ಲ.
ಹಾಗಾದರೆ ಇಷ್ಟು ದಿನ
ಹಾಡಿದ್ದು ಯಾರು?

ಕೆಳಗೆ ಬಂಡೆಗಳ ಸಂದಿಯಲ್ಲಿ ನೀರು
ತನ್ನ ಪಾಡಿಗೆ ತಾನು.
ಸುತ್ತುವುದನ್ನು ಮರೆತು ಕೂತೆ, ಎಷ್ಟು ಹೊತ್ತೋ.

ಆಚೆ ನ್ಯೂ ಕಮಲಾದಲ್ಲಿ ಪರದೆ ಬರಿದಾಗಿತ್ತಂತೆ.
ಮುಂದಿನ ಬೆಂಚುಗಳಿಂದ ಶಿಳ್ಳೆ, ಕೂಗು,
ನನ್ನಮ್ಮನಿಗೂ ಒಂದೆರಡು ಮಾತು.
ಆಪರೇಟರ್ ದಸ್ತಗೀರ್ ಸಾಹೇಬರು ಸುಮ್ಮನೆ
ಆಟಕ್ಕೆ ಮುಂಚೆ ಹಾಕುವ ಪ್ಲೇಟುಗಳ ಕಟ್ಟು ಹುಡುಕಿ
ಆ ಹಾಡಿನ ಪ್ಲೇಟು ತಿರುಗಿಸಿಬಿಟ್ಟರು.
ಲೈಟು ಹಾಕಲಿಲ್ಲ.
ಮುನ್ನೂರು ಜನ ಕತ್ತಲನ್ನೇ ನೋಡುತ್ತ ಕೂತರಂತೆ.
ಮುಗಿದ ಮೇಲೆ ಯಾರೋ ಹೊಗೆಸೊಪ್ಪಿನ ದನಿಯಲ್ಲಿ
“ಸಾಬ್ರೇ, ಇನ್ನೊಂದ್ ಸಲ” ಅಂದರಂತೆ.

ನಾನು ಕುಂಟುತ್ತ ಮುಟ್ಟಿದಾಗ ಬೈಗುಳ ಬರಲಿಲ್ಲ.
ಹರಿದ ಕಡೆ ಕತ್ತರಿಸಿ, ಅಂಟು ಹಚ್ಚಿ,
ಆರು ಚೌಕ ನೆಲಕ್ಕೆ ಬಿಟ್ಟರು ಸಾಹೇಬರು.
ಆರಿಸಿ ತಂದು ಫಿಲೋಮಿನಾಳಿಗೆ ಕೊಟ್ಟೆ.
ದೀಪಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ,
“ದಾರ ಕಡೀತಿದಾಳೆ” ಅಂದಳು.
ಜಪದ ಪುಸ್ತಕದ ನಡುವೆ ಇಟ್ಟುಕೊಂಡಳು.

ಹೀಗೆ, ಸಾಗರಕ್ಕೆ, ಹೊಸನಗರಕ್ಕೆ, ತೀರ್ಥಹಳ್ಳಿಗೆ
ಇಲ್ಲಿಂದ ಹೋದ ಪ್ರಿಂಟಿನಲ್ಲಿ
ಅವಳು ಹೊಲಿಯುತ್ತಾಳೆ, ಹೊಲಿಯುತ್ತಾಳೆ,
ಎಗರಿದಂತಾಗಿ
ಅಂಗಿ ಮಡಚಿಟ್ಟು ಎದ್ದುಬಿಡುತ್ತಾಳೆ.
ಆ ದಾರ ನಮ್ಮ ಕಡೆ ಯಾರ ಪಾಲಿಗೂ ಕಡಿಯಲಿಲ್ಲ.

ಮೊನ್ನೆ ದುರ್ಗಿಗುಡಿಯ ಕಟಿಂಗ್ ಶಾಪಿನಲ್ಲಿ
ಅರ್ಧ ಗಡ್ಡ ತೆಗೆದಾಗ, ಪಕ್ಕದ ಹುಡುಗನ ಫೋನಿನಿಂದ
ಪಲ್ಲವಿ.
“ತೋರಿಸು ಮಾರಾಯ” ಅಂದೆ.
ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛ,
ಒಂದು ಗೀರೂ ಇಲ್ಲ. ಅಂಗೈಯಷ್ಟು ಅವಳು.
ಎರಡನೇ ಚರಣ. ಸೂಜಿ ಮೇಲೆದ್ದಿತು.
ನಾನು ಕುರ್ಚಿಯಿಂದ ಮುಂದಕ್ಕೆ ಬಾಗಿದೆ.

“ಅಲ್ಲಾಡ್ಬೇಡಿ ಸಾರ್, ಕತ್ತಿ ಇದೆ.”

ಕಾಲು ಸೆಕೆಂಡು.
ಕಡಿದಳು.