ಎರಡು ಡಿಗ್ರಿ

ಸ್ವಾನ್‌ಸೀಯ ಹಳಿಯಾಚೆ ತಗಡಿನ ಶೆಡ್ಡು.
ಗ್ಲೆನಿಸ್ ಬಿಸಿಗಾಳಿ ಊದಿ ಅಂಟು ಸಡಿಲಿಸಿ
ನನ್ನ ಕಾರಿನ ಮಿದುಳಿನ ಮುಚ್ಚಳ ತೆಗೆದಳು.
ಅಂಗೈಯಗಲ ಹಸಿರು ಹಲಗೆ.
'ಇಷ್ಟೇನಾ?' ಅಂದೆ.
'ಮೇಜು ಅಲುಗಿಸಬೇಡ' ಅಂದಳು,
ಸೂಜಿಮೊನೆಯನ್ನು ಚಿಪ್ಪಿನ ಒಂದು ಕಾಲಿಗೆ ತಾಗಿಸುತ್ತ.

ಬರೆಯುವಾಗ ವೋಲ್ಟೇಜ್ ಕುಸಿದರೆ
ಪೆಟ್ಟಿಗೆ ಹೋಗಿ ಇಟ್ಟಿಗೆ.

ಮೊದಲು ಓದಿದಳು.
ಪರದೆ ತುಂಬ ಚೌಕಾಬಾರದಂತೆ ಮನೆಗಳು,
ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು, ಕಿಡಿ ಯಾವಾಗ.
ಮೂರು ಸಾವಿರ ಸುತ್ತಿನ ಸಾಲಿನಲ್ಲಿ ಬೆರಳು ನಿಂತಿತು.
'ಯಾರೋ ಮೊದಲೇ ತಿದ್ದಿದ್ದಾರೆ.'
ಆಮೇಲೆ, 'ಯಾರೋ ಅಲ್ಲ. ಐವರ್.
ಕಿಡಿಯನ್ನು ಇಲ್ಲಿ ಎರಡು ಡಿಗ್ರಿ ಹಿಂದಿಡುವ ಪುಕ್ಕಲ
ಈ ಊರಲ್ಲಿ ಅವನೊಬ್ಬನೇ ಇದ್ದ.'

ಇದ್ದ, ಅಂದಳು. ನಾನು ಕೆದಕಲಿಲ್ಲ.

ಹಣೆಬರಹ ತಿದ್ದಲಾಗದು ಅನ್ನುತ್ತಿದ್ದಳು ನನ್ನ ಸೋದರತ್ತೆ;
ಇಲ್ಲಿ ನೂರೆಂಬತ್ತು ಪೌಂಡಿಗೆ ತಿದ್ದುತ್ತಾರೆ,
ರಸೀದಿ ಸಮೇತ.

ಬೂಸ್ಟ್ ಏರಿಸಿದಳು. ಚೆಕ್‌ಸಮ್ ಸರಿಮಾಡಿದಳು.
ಅರವತ್ತಮೂರರಲ್ಲಿ ಒಂದು ಗಳಿಗೆ ತಡೆದು
ನೂರಕ್ಕೆ ಮುಟ್ಟಿತು ಹಸಿರು ಪಟ್ಟಿ.

ಟೌನ್‌ಹಿಲ್ಲಿನ ಏರನ್ನು ಕಾರು ಈಗ ನುಂಗುತ್ತದೆ.
ಮೂರು ಸಾವಿರ ದಾಟುವಲ್ಲಿ ಮಾತ್ರ
ತುಸು ತಡವರಿಸುತ್ತದೆ.
ಹೇಳಿದರೆ ಗ್ಲೆನಿಸ್
ಕೈ ಒರೆಸಿಕೊಳ್ಳುತ್ತ
'ಅಲ್ಲೇನೂ ಇಲ್ಲ, ಓಡಿಸು' ಅನ್ನುತ್ತಾಳೆ.