ಬಲಗಿವಿ ಜನಕ್ಕೆ

ಹಳದಿ ಸ್ಪಂಜನ್ನು ಎರಡು ಬೆರಳಲ್ಲಿ
ಹೂಬತ್ತಿಯಷ್ಟು ಸಣ್ಣಗೆ ಹೊಸೆಯುತ್ತ
ಹಾಲೇಶಣ್ಣ ಅಂದ:
"ಎಡಕ್ಕೆ ಒಂದು ಸಾಕು ಕಣೋ. ಬಲಗಿವಿ ಜನಕ್ಕೆ."

ಮಾಚೇನಹಳ್ಳಿಯ ಫೌಂಡ್ರಿ. ನನ್ನ ಮೊದಲ ದಿನ.
ಗ್ರೈಂಡರಿನ ಬಾಯಿಗೆ ಕಾಸ್ಟಿಂಗ್ ಕೊಟ್ಟರೆ
ಸದ್ದು ತಲೆಬುರುಡೆಯೊಳಗೆ ಕುಕ್ಕರಗಾಲಲ್ಲಿ ಕೂತು
ಹಲ್ಲುಗಳನ್ನು ಒಂದೊಂದಾಗಿ ಎಣಿಸುತ್ತದೆ.
ನಾನು ಎರಡೂ ಕಿವಿಗೆ ತುರುಕಿಕೊಂಡೆ.
ತುಂಗೆಯ ಮಡುವಿನಲ್ಲಿ ಮುಳುಗಿದ ಹಾಗೆ
ಲೋಕ ದೂರ, ತಂಪು, ಬೇರೆ ಯಾರದೋ.

ಆ ತಂಪಿನಲ್ಲಿದ್ದಾಗಲೇ
ದಾದಾಪೀರ್ ಕ್ರೇನಿನ ಮೇಲಿಂದ ಮೂರು ಸಲ ಕೂಗಿದ್ದಂತೆ.
ನನಗೆ ಕಂಡದ್ದು ಕಾಲಬುಡದ ನೆರಳು,
ಕಪ್ಪಾಗುತ್ತ, ಇನ್ನೂ ಕಪ್ಪಾಗುತ್ತ.
ಹಾಲೇಶಣ್ಣ ಕಾಲರ್ ಹಿಡಿದು ಎಳೆದ.
ಬಲಗಿವಿ ಕೇಳಿತ್ತು.

ಮರುದಿನದಿಂದ ನಾನೂ ಒಂದೇ.
ಮೀಸೆ ಬಂದಷ್ಟು ಜಂಬ.

ದೀಪಾವಳಿ ಕಳೆದು ವ್ಯಾನೊಂದು ಬಂತು.
ಹುಡುಗಿ ಹೆಡ್‌ಫೋನ್ ತೊಡಿಸಿ, ಬಟನ್ ಕೈಗಿತ್ತು,
"ಕೇಳಿದಾಗ ಒತ್ತಿ" ಅಂದಳು.
ಎಡಗಿವಿಯ ನೀಲಿ ಗೆರೆ ಬಿ.ಎಚ್. ರಸ್ತೆಯ ಹಾಗೆ ಸಮ.
ಬಲಗಿವಿಯದು ಕೆಂಪು. ಕಾಗದದ ಮೇಲೆ
ಅದು ಆಗುಂಬೆ ಘಾಟಿ ಇಳಿಯಿತು.
ಜನಕ್ಕೆಂದು ತೆರೆದಿಟ್ಟ ಬಾಗಿಲಿಂದಲೇ
ಇಪ್ಪತ್ತೆರಡು ವರ್ಷ ಗ್ರೈಂಡರ್ ಒಳಗೆ ಬಂದಿದೆ.

ಮೊದಲು ಹೋಗುವುದು ಶ, ಸ, ಆಮೇಲೆ ಕ, ತ.
ಹೆಂಡತಿ ಫೋನಲ್ಲಿ "ನಾನು ಶಶಿಕಲಾ" ಅಂದರೆ
ಆ ಕಡೆ ಉಳಿಯುವುದು ಬರೀ "ಲಾ".
"ಮೇಸ್ತ್ರಿಯದು ಹಿತ್ತಾಳೆ ಕಿವಿ, ಅದಕ್ಕೇನೂ ಆಗಲ್ಲ"
ಅಂತ ನಗುತ್ತಾನೆ. ನಾವೂ ನಗುತ್ತೇವೆ,
ಎಡಕ್ಕೆ ಸುತ್ತಿ ಬಂದು.

ಈಗ ಎಲ್ಲರದೂ ಎರಡೂ ಕಿವಿ ಬಂದ್.
ದಾದಾಪೀರ್ ಕೂಗುವುದಿಲ್ಲ, ಟಾರ್ಚ್ ಮಿಣುಕಿಸುತ್ತಾನೆ.
ಮುಷ್ಟಿ ಎತ್ತಿದರೆ ನಿಲ್ಲು.
ಹೆಬ್ಬೆರಳು ತುಟಿಗೆ, ಟೀ.
ಇಲ್ಲದ ಮೀಸೆ ತಿರುವಿದರೆ ಮೇಸ್ತ್ರಿ ಬಂದ.
ಹಿಂದಿನಿಂದ ಬಂದು ಮುಟ್ಟಬಾರದು, ಮುಂದೆ ಬಂದು ನಿಲ್ಲಬೇಕು.
ಅಷ್ಟು ಹೊತ್ತು ಒಬ್ಬರ ಮುಖ ಒಬ್ಬರು
ಮೊದಲು ನೋಡಿರಲೇ ಇಲ್ಲ.
ಬೇಜಾರಿಗೆ ಇನ್ನೂ ಸನ್ನೆ ಸಿಕ್ಕಿಲ್ಲ.

ಶಿಫ್ಟ್ ಮುಗಿದು ಬಸ್ಸಿನಲ್ಲಿ
ಅವನಿಗೆ ಬಲಗಡೆಯ ಕಿಟಕಿಯೇ ಆಗಬೇಕು.
ಕೆಟ್ಟ ಕಿವಿ ಗಾಳಿಗೆ, ಒಳ್ಳೆಯದು ನಮಗೆ.
ಮೊನ್ನೆ ವಿದ್ಯಾನಗರ ಬಂದಾಗ
ಎದ್ದು ನಿಂತು ಡ್ರೈವರಿಗೆ ಮುಷ್ಟಿ ತೋರಿಸಿದ.
ಅವನಿಗೇನು ಗೊತ್ತು ನಮ್ಮ ಭಾಷೆ,
ಕನ್ನಡಿಯಲ್ಲಿ ಗುರಾಯಿಸಿ ಗೇರ್ ಬದಲಿಸಿದ.

ಒಂದು ಸ್ಟಾಪ್ ಹಿಂದಕ್ಕೆ ನಡೆದೆವು,
ನಾನು ಅವನ ಎಡಕ್ಕೆ,
ಏನೂ ಮಾತಿಲ್ಲದೆ.